ಮೊಂಡನ ಮಹಾರೂಪ

ಭಾನುವಾರ, ಮಧ್ಯಾಹ್ನ

ತಂಗಿಗೆ,

ಅಭ್ಯಾಸಬಲದಿಂದ ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಹೊಡೆದದ್ದು ನಿನಗೆ ಕಾಣಲಿ ಎಂದೇ ಹಾಳೆ ಬದಲಿಸಿಲ್ಲ.

‘ಅಕ್ಕಾ, ಕಾಗದಗೀಗದ ಬರೀಬೇಡ ಮಾರಾಯ್ತಿ, ಏನಿದ್ರೂ ಫೋನಲ್ಲೇ ಬೈದುಬಿಡು’ ಎಂದು ಸಂದೇಶ ಕಳಿಸಿದ್ದೀಯ. ಫೋನಿನಲ್ಲಿ ನಿನ್ನನ್ನು ಗೆದ್ದವರು ಯಾರಿದ್ದಾರೆ? ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಗಿಸಿಬಿಡುತ್ತೀಯ. ನಕ್ಕಮೇಲೆ ಜಗಳ ನನ್ನದೇ ತಪ್ಪಿನ ಹಾಗೆ ಕಾಣುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪಾರ್ಲರಿನಲ್ಲಿ ಯಾರದಾದರೂ ತಲೆಗೆ ಬಣ್ಣ ಹಚ್ಚಿ ಒಣಗಲು ಬಿಟ್ಟಿರುತ್ತೀಯಲ್ಲ, ಆ ಹೊತ್ತಿನಲ್ಲಿ ಕೂತು ಓದು.

ಗುರುವಾರ ನಾನು ಗ್ರಂಥಾಲಯದಲ್ಲಿ ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದೆ. ಎದುರಿನ ಔಷಧದಂಗಡಿಯ ಹುಡುಗಿ ಬಂದಳು. ನಮ್ಮ ಹಾಗೆಯೇ ಅವಳಿಗೂ ಫೋನಿನಲ್ಲಿ ಪ್ರಾಣಿ ಹಿಡಿಯುವ ಈ ಆಟದ ಹುಚ್ಚು. ‘ಮೇಡಂ, ನಿಮ್ಮ ಮೊಂಡನ ಜಾತೀದೇ ಒಂದು ಮಹಾರೂಪ ತಾಳಿದೆ ನೋಡಿ, ಏನು ಗಾತ್ರ ಅಂತೀರಿ!’ ಎಂದು ಫೋನನ್ನು ಮೂಗಿನ ಹತ್ತಿರ ಹಿಡಿದಳು.

ಯಾವುದೋ ಮಾಲ್‌ನ ಸಭಾಂಗಣ. ತುಂಬ ಜನ. ವೇದಿಕೆಯ ಮೇಲೆ ನೀನು. ಹಿಂದಿನ ದೊಡ್ಡ ಪರದೆಯ ಮೇಲೆ ಒಂದು ಕುಳ್ಳ ಪ್ರಾಣಿ ಬಂದು ನಿಂತಿತು: ಮೈಮೇಲೆ ಮುಳ್ಳು, ಮೊಂಡು ಮೂಗು, ಮಡಕೆಯಂಥ ಹೊಟ್ಟೆ. ನೀನು ಅದನ್ನು ಏನೋ ಒಂದು ಹೆಸರು ಹಿಡಿದು ಕೂಗಿದೆ. ಅದು ನಿನ್ನನ್ನೊಮ್ಮೆ ನೋಡಿ, ತಿರುಗಿ, ಬೆನ್ನು ಹಾಕಿ ಕೂತಿತು. ಜನ ಹೋ ಎಂದು ನಕ್ಕರು. ಮೈಕು ಹಿಡಿದವನು, ‘ಏನ್ ಮೇಡಂ, ಮನೇಲಿ ಬೈದು ಕರ್ಕೊಂಡು ಬಂದ್ರಾ?’ ಎಂದು ಇನ್ನಷ್ಟು ನಗಿಸಿದ.

ನಾನು ನಗಲಿಲ್ಲ. ಆ ಜಾತಿಯ ಪ್ರಾಣಿಗಳು ಸಾವಿರ ಇರಬಹುದು, ಹಾಗೆ ತಿರುಗಿ ಕೂರುವುದು ಒಂದೇ.

ಆಗ ನೀನು ಬಾಯಿಗೆ ಕೈ ಅಡ್ಡ ಹಿಡಿದು, ಫೋನಿನ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದೆ. ತಕ್ಷಣ ಅದು ಎದ್ದಿತು. ಮುಳ್ಳುಗಳು ಒಂದೊಂದಾಗಿ ತೆರೆದುಕೊಂಡವು, ಸಂದುಗಳಿಂದ ಬೆಂಕಿಯಂಥ ಬೆಳಕು ಸೋರಿತು, ಹೊಟ್ಟೆ ಕರಗಿ ಎದೆಯಾಯಿತು, ತಲೆ ಪರದೆಯ ಅಂಚು ದಾಟಿ ಮೇಲೆ ಹೋಯಿತು. ಎದುರಾಳಿಯ ರೆಕ್ಕೆಯ ಹುಲಿಯನ್ನು ಬಾಲದ ಒಂದೇ ಬೀಸಿಗೆ ಮೂಲೆಗೆ ಒರೆಸಿಹಾಕಿತು. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಮೈ ಜುಮ್ಮೆಂದಿತು. ‘ನಮ್ಮ ಮೊಂಡ’ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಕಪಾಟುಗಳ ನಡುವೆ ಓದುತ್ತಾ ಕೂತವರು ತಲೆಯೆತ್ತಿ ನೋಡಿದರು.

ಆಮೇಲೆ ಪರದೆಯ ಕೆಳಗೆ ಗೆದ್ದ ಪ್ರಾಣಿಯ ಹೆಸರು ಬಂತು. ನಿನ್ನ ಪಾರ್ಲರಿನ ಹೆಸರು! ಅಮ್ಮ ಇಟ್ಟ ಹೆಸರನ್ನು ತೆಗೆದು ಅಂಗಡಿಯ ಬೋರ್ಡು ತಗುಲಿಸಿದ್ದೀಯ. ಸಾಲದ್ದಕ್ಕೆ ಮೈಕು ತೆಗೆದುಕೊಂಡು, ‘ಇದನ್ನ ಮೊಟ್ಟೆಯಿಂದ ನಾನೊಬ್ಳೇ ಸಾಕಿದ್ದು. ಆಟ ಆಡೋರಿಗೆಲ್ಲ ಈ ತಿಂಗಳು ನಮ್ಮಲ್ಲಿ ಹೇರ್‌ಕಟ್‌ಗೆ ರಿಯಾಯ್ತಿ’ ಎಂದೆ.

ಮೊಟ್ಟೆಯಂತೆ. ಒಬ್ಬಳೇ ಅಂತೆ.

ಮರೆತಿದ್ದರೆ ನೆನಪಿಸುತ್ತೇನೆ. ನೀನು ಮರೆಯುವುದು, ನಾನು ನೆನಪಿಡುವುದು, ಈ ಮನೆಯಲ್ಲಿ ಮೊದಲಿಂದ ಹಂಚಿಕೆಯಾದ ಕೆಲಸ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಹೊತ್ತು ಹೋಗದೆ ನೀನು ನನ್ನ ಫೋನಿಗೂ ಆ ಆಟ ಹಾಕಿಕೊಟ್ಟೆ. ನನಗೆ ಅದು ಶುದ್ಧ ಕಾಲಹರಣವೆನಿಸಿತ್ತು. ಆಮೇಲೆ ಇಬ್ಬರೂ ಹಾಸಿಗೆಯ ಎರಡು ಬದಿ ಕೂತು ತಲೆ ಬಗ್ಗಿಸಿಕೊಂಡು ಆಡುತ್ತಿದ್ದೆವು. ಒಂದು ಸಂಜೆ ಅಮ್ಮ, ‘ಏನ್ರೇ ಅದು, ನಾನಿನ್ನೂ ಇದೀನಿ ಕಣ್ರೇ, ಈಗ್ಲೇ ತಲೆ ಬಗ್ಗಿಸ್ಕೊಂಡು ಕೂತ್ರೆ ಹೇಗೆ?’ ಎಂದಳು. ನಕ್ಕು ನಕ್ಕು ನಮಗೆ ಕಣ್ಣಲ್ಲಿ ನೀರು ಬಂದಿತ್ತು. ನಗುವೊಂದೇ ಆಗಿರಲಿಲ್ಲ ಅದು, ನಿನಗೂ ಗೊತ್ತು.

ಆಗಲೇ ನನ್ನ ಫೋನಿನ ಕ್ಯಾಮೆರಾದಲ್ಲಿ, ಗ್ಲೂಕೋಸಿನ ಬಾಟಲಿ ತೂಗುವ ಕಂಬದ ಮೇಲೆ, ಆ ಕುಳ್ಳ ಪ್ರಾಣಿ ಕಾಣಿಸಿಕೊಂಡಿತು. ನಾನು ಬಲೆ ಎಸೆದೆ, ತಪ್ಪಿಸಿಕೊಂಡಿತು. ನೀನು ಎಸೆದೆ, ತಪ್ಪಿಸಿಕೊಂಡಿತು. ‘ಕೊಡಿಲ್ಲಿ’ ಎಂದಳು ಅಮ್ಮ. ಬಲಗೈ ಏಳುತ್ತಿರಲಿಲ್ಲ. ಎಡಗೈಯ ತೋರುಬೆರಳಿನಿಂದ, ಹಾಲಿನ ಕೆನೆ ಸರಿಸುವ ಹಾಗೆ, ಮೆಲ್ಲಗೆ ಬಲೆ ನೂಕಿದಳು. ಸಿಕ್ಕಿತು. ಸಿಕ್ಕಿದ್ದು ತಿರುಗಿ ಬೆನ್ನು ಹಾಕಿ ಕೂತಿತು. ‘ಥೇಟ್ ನಿಮ್ಮಪ್ಪ ಕಣೇ. ಮೊಂಡ’ ಎಂದಳು. ಹಾಗೆ ಹೆಸರಾಯಿತು.

ಆ ಆಟದಲ್ಲಿ ಪ್ರಾಣಿಯನ್ನು ದಿನಾ ಬೆಳಿಗ್ಗೆ ಹೆಸರು ಹಿಡಿದು ಕೂಗಬೇಕು, ಆಗಲೇ ಊಟಕ್ಕೆ ಏಳುತ್ತದೆ. ಮೊದಲು ಯಾವ ರಾಗದಲ್ಲಿ ಕರೆದರೋ ಕೊನೆಯವರೆಗೂ ಅದರ ಕಿವಿ ಅದಕ್ಕೇ ಒಗ್ಗಿರುತ್ತದೆ. ಮೊದಲು ಕರೆದವಳು ಅಮ್ಮ. ‘ಮೊಂಡಾ...’ ಎಂದು ಕೊನೆಯಲ್ಲಿ ಸ್ವಲ್ಪ ಎಳೆದು, ಮೇಲೆತ್ತಿ. ಅವಳು ಹೋದ ಮೇಲೆ ನಾನು ಅದೇ ರಾಗ ಕಲಿತೆ. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕೂಗುತ್ತಿದ್ದೆ. ನಿನ್ನ ಭಾವ, ‘ಪಕ್ಕದ ಮನೆಯವರು ನನ್ನನ್ನೇ ಕರೀತಿದೀಯ ಅಂದ್ಕೊಂಡಿದಾರೆ’ ಎಂದು ಗೊಣಗುತ್ತಿದ್ದರು.

ಬೋರ್ಡು ಬದಲಾಯಿಸಿದೆ, ಕಿವಿ ಬದಲಾಯಿಸಲು ನಿನಗೆ ಆಗಲಿಲ್ಲ. ವೇದಿಕೆಯ ಮೇಲೆ ಮರ್ಯಾದೆ ಹೋಗುವ ಹೊತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನೀನು ಪಿಸುಗುಟ್ಟಿದ್ದು ಏನೆಂದು ನನಗೆ ಗೊತ್ತು. ಗುಟ್ಟಾಗಿ ಬೇಕಾಯಿತು ಅಮ್ಮನ ಹೆಸರು. ಗಟ್ಟಿಯಾಗಿ ಹೇಳಲು ನಾಚಿಕೆಯಾಯಿತು.

ಈಗ ಆ ಕೊಟ್ಟುಪಡೆಯುವ ವಿಷಯಕ್ಕೆ ಬರುತ್ತೇನೆ. ಮೊಂಡ ಪೂರ್ತಿ ಬೆಳೆದ ಮೇಲೂ ಸಾಕಿದವರ ಕೈಯಲ್ಲಿ ಮಹಾರೂಪ ತೆರೆಯುವುದಿಲ್ಲ, ಇನ್ನೊಬ್ಬರ ಕೈ ಸೇರಿದಾಗಲೇ ತೆರೆಯುತ್ತದೆ, ಅದೇ ಆಟದ ವಿಚಿತ್ರ. ಆದ್ದರಿಂದ ಎಲ್ಲರೂ ನಂಬಿಕೆಯವರಿಗೆ ಕೊಟ್ಟು, ತೆರೆಸಿ, ಆ ನಿಮಿಷವೇ ವಾಪಸು ಪಡೆಯುತ್ತಾರೆ. ನನಗೆ ಕುಸ್ತಿ ಪಂದ್ಯದ ಆಸೆ ಇರಲಿಲ್ಲ. ಅಮ್ಮ ಹಿಡಿದ ಪ್ರಾಣಿ ತನ್ನ ಪೂರ್ತಿ ಎತ್ತರಕ್ಕೆ ನಿಂತದ್ದನ್ನು ಒಂದು ಸಲ ನೋಡಬೇಕೆಂದಿತ್ತು, ಅಷ್ಟೆ. ನಂಬಿಕೆಯವರು ಎಂದಾಗ ಎರಡನೆಯ ಹೆಸರು ನೆನಪಿಗೂ ಬರಲಿಲ್ಲ.

ಕೊಡುವಾಗ ಪರದೆಯ ಮೇಲೆ ಎರಡು ಗುಂಡಿ ಬಂದವು. ಒಂದು ‘ಎರವಲು’, ಇನ್ನೊಂದು ‘ಪೂರ್ತಿ’. ನನ್ನ ಬೆರಳು ತಾನಾಗಿ ಎರವಲಿನ ಕಡೆ ಹೋಗಿತ್ತು. ಇಷ್ಟು ವರ್ಷ ಅದೇ ಕೆಲಸ ಮಾಡಿದ ಕೈ ಇದು. ಸ್ವಂತ ಗಂಡನಿಗೂ ವಾಪಸಿನ ತಾರೀಖಿನ ಮುದ್ರೆ ಒತ್ತದೆ ಪುಸ್ತಕ ಕೊಟ್ಟವಳಲ್ಲ ನಾನು. ಅಷ್ಟರಲ್ಲಿ ಫೋನಿನ ಆ ಕಡೆಯಿಂದ ನೀನು, ‘ಎರವಲು ಅಂತ ಒತ್ತಬೇಡ ಅಕ್ಕಾ, ಎರವಲಾದ್ರೆ ಮಹಾರೂಪ ತೆರೆಯಲ್ಲ. ಪೂರ್ತಿ ಕೊಡು, ತೆರೆದ ತಕ್ಷಣ ಕಳಿಸ್ತೀನಿ. ನಾನೇನು ಹೊರಗಿನವಳಾ?’ ಎಂದೆ. ಬ್ಯಾಂಕಿನ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಬಿಡದೆ ಓದುವವಳು ನಾನು. ಅಂದು ಏನನ್ನೂ ಓದಲಿಲ್ಲ. ‘ಪೂರ್ತಿ’ ಒತ್ತಿದೆ. ಪೂರ್ತಿ ಪಡೆದವರು ಬದಲಿಗೆ ಏನಾದರೂ ಕೊಡಲೇಬೇಕೆಂಬ ನಿಯಮವಿತ್ತಲ್ಲ, ನೀನು ನಿನ್ನ ಆಟದ ಚೀಲದ ತಳದಲ್ಲಿ ಬಿದ್ದಿದ್ದ, ಹೆಸರೂ ಇಲ್ಲದ ಒಂದು ಸಗಣಿಹುಳ ಕಳಿಸಿದೆ.

ವಾಪಸು ಕೇಳಿದಾಗ ನೀನು ಮೊದಲು ನೆಟ್‌ವರ್ಕ್ ಇಲ್ಲ ಎಂದೆ. ಆಮೇಲೆ ಫೋನು ರಿಪೇರಿಗೆ ಹೋಗಿದೆ ಎಂದೆ. ಆಮೇಲೆ, ‘ಆಟದೋರು ಏನೋ ಬದಲಾಯಿಸ್ತಿದಾರಂತೆ, ಸ್ವಲ್ಪ ತಡಿ.’ ಆಮೇಲೆ, ‘ಮೊಂಡಂಗೆ ಇಲ್ಲಿ ಚೆನ್ನಾಗಿ ಒಗ್ಗಿದೆ ಅಕ್ಕಾ, ಪಾಪ.’ ಒಂದೊಂದನ್ನೂ ನಂಬಿದೆ. ಮೇಲಿಂದ ಮೇಲೆ ಕೇಳಿ ನಿನಗೆ ತೊಂದರೆ ಕೊಡುತ್ತಿದ್ದೇನೆಂದು ಬೇಸರಪಟ್ಟುಕೊಂಡು, ಎರಡು ವಾರ ಕೇಳದೆಯೂ ಇದ್ದೆ. ಆ ಎರಡು ವಾರದಲ್ಲೇ ನೀನು ಪಂದ್ಯಕ್ಕೆ ಹೆಸರು ಕೊಟ್ಟದ್ದು.

ಗುರುವಾರ ಔಷಧದಂಗಡಿಯ ಹುಡುಗಿಗೆ, ಎರವಲಾದರೆ ಮಹಾರೂಪ ತೆರೆಯುವುದಿಲ್ಲವಲ್ಲ ಎಂದೆ. ‘ಎರವಲು ಕೊಟ್ರೂ ತೆರೆಯುತ್ತಲ್ಲ ಮೇಡಂ, ಎಲ್ರೂ ಹಾಗೇ ತಾನೇ ಮಾಡೋದು? ನಿಮಗ್ಯಾರು ಹೇಳಿದ್ದು ತೆರೆಯಲ್ಲ ಅಂತ?’ ಎಂದಳು. ಯಾರು ಹೇಳಿದ್ದು ಎಂದು ಅವಳಿಗೆ ಹೇಳಲಿಲ್ಲ. ‘ಎಲ್ಲೋ ಓದಿದ ನೆನಪು’ ಎಂದೆ. ನಿನ್ನ ಮಾನ ಉಳಿಸಲು, ಓದಿದ್ದರಲ್ಲಿ ತಪ್ಪಿದೆ ಎಂದು ನಾನು, ಗ್ರಂಥಪಾಲಕಿ, ಒಪ್ಪಿಕೊಂಡೆ.

ಅದೇ ನನಗೆ ಚುಚ್ಚುತ್ತಿರುವುದು. ಆಸೆಯಾಗಿ ಇಟ್ಟುಕೊಂಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಚಿಕ್ಕಂದಿನಲ್ಲಿ ನನ್ನ ನೀಲಿ ರೇನ್‌ಕೋಟನ್ನು ಒಂದು ದಿನಕ್ಕೆಂದು ತೆಗೆದುಕೊಂಡೆ, ನಿನಗೆ ಗಿಡ್ಡವಾಗುವವರೆಗೂ ಹಾಕಿದೆ. ಶಾಲೆಯಲ್ಲಿ ನಾನು ಬರೆದುಕೊಟ್ಟ ಭಾಷಣಕ್ಕೆ ಬಹುಮಾನ ಪಡೆದು ಮನೆಗೆ ಬಂದೆ. ಅದೆಲ್ಲ ನೆನಪಿದೆ, ನೋವಿಲ್ಲ. ಈ ಸಲ ಮಾತ್ರ ನೀನು ಮೊದಲೇ ಲೆಕ್ಕ ಹಾಕಿದ್ದೆ. ಮೊಂಡ ನನ್ನ ಕೈಯಲ್ಲಿರುವಾಗಲೇ, ವಾಪಸು ಕೊಡಬಾರದೆಂದು ಯೋಚಿಸಿ, ‘ಹೊರಗಿನವಳಾ’ ಎಂಬ ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ.

‘ಹೋಗಿದ್ದು ಒಂದು ಗೊಂಬೆ, ಬಿಡು’ ಎನ್ನುತ್ತಾರೆ ನಿನ್ನ ಭಾವ. ನೀನೂ ಫೋನಿನಲ್ಲಿ, ‘ಈ ವಯಸ್ಸಲ್ಲಿ ಒಂದು ಆಟದ ಪ್ರಾಣಿಗೆ ಇಷ್ಟೊಂದು ರಂಪಾನಾ?’ ಎಂದೆಯಂತೆ ಅವರ ಹತ್ತಿರ. ನಮ್ಮ ಬಡಾವಣೆಯ ನಗರಸಭೆ ಸದಸ್ಯ ನಿನಗೆ ನೆನಪಿರಬೇಕು. ನಮ್ಮದೇ ಗ್ರಂಥಾಲಯದ ಓದುವ ಕೋಣೆಯ ಮೂಲೆಯ ಬೆಂಚಿನಲ್ಲಿ ಪರೀಕ್ಷೆಗೆ ಓದಿಕೊಂಡವನು. ನಮ್ಮ ಕೈಯಿಂದಲೇ ವೋಟು ಪಡೆದು ದೊಡ್ಡವನಾದ. ಆದ ಮೇಲೆ ಆ ಕೋಣೆಯನ್ನು ‘ತಾತ್ಕಾಲಿಕವಾಗಿ’ ಮುಚ್ಚಿಸಿ ಕಾರು ನಿಲ್ಲಿಸಲು ಜಾಗ ಮಾಡಿಕೊಂಡ. ಅದರ ಬಗ್ಗೆ ಪತ್ರಿಕೆಗೆ ನಾನು ಬರೆದಾಗಲೆಲ್ಲ ನೀನು, ‘ಬಿಡಬೇಡ ಅಕ್ಕಾ, ಬರಿ’ ಎಂದು ಹುರಿದುಂಬಿಸುತ್ತಿದ್ದೆ. ಈಗ ಹೇಳು, ಬರೆಯಲೋ ಬಿಡಲೋ? ಎತ್ತರ ಕೊಟ್ಟ ಕೈಯನ್ನು ಮರೆಯುವುದು ಅಲ್ಲಿ ಅನ್ಯಾಯ, ಇಲ್ಲಿ ಆಟವೇ?

ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಅಮ್ಮನ ಬಟ್ಟೆ ಬದಲಿಸಿದ್ದು, ಮಾತ್ರೆ ನುಂಗಿಸಿದ್ದು ನಾನು. ಆದರೆ ಸಂಜೆಯಾದರೆ ಅವಳ ಕಣ್ಣು ಬಾಗಿಲಿನ ಕಡೆ. ‘ನಮ್ಮ ಚಿನಕುರಳಿ ಬಂದ್ಳಾ?’ ಎಂದು ಕೇಳುತ್ತಲೇ ಇರುತ್ತಿದ್ದಳು. ನೀನು ಬಂದು, ಅವಳಿಗೆ ತಲೆ ಬಾಚಿ, ನಿನ್ನ ಗಿರಾಕಿಗಳ ನಕಲು ಮಾಡಿ ನಗಿಸುತ್ತಿದ್ದೆ. ಊಟ ಮಾಡಿಸಿದವಳು ನಾನಿರಬಹುದು, ಅವಳಿಗೆ ಹಸಿವು ತರಿಸುತ್ತಿದ್ದವಳು ನೀನು. ಅದಕ್ಕೆಂದೂ ಹೊಟ್ಟೆಕಿಚ್ಚು ಪಡಲಿಲ್ಲ. ಆ ಕೋಣೆಯಲ್ಲಿ ನಾವು ಮೂವರಿದ್ದೆವು. ನಿನ್ನ ‘ಒಬ್ಳೇ’ ಎಂಬ ಒಂದು ಮಾತಿನಲ್ಲಿ ಇಬ್ಬರನ್ನು ಹೊರಗೆ ಹಾಕಿದೆ. ನಾನು ಬದುಕಿದ್ದೇನೆ, ಹೊರಗೆ ನಿಂತು ಕಾಗದ ಬರೆಯಬಲ್ಲೆ. ಅಮ್ಮ ಏನು ಮಾಡಬೇಕು?

ಮೊಂಡನನ್ನು ವಾಪಸು ಕಳಿಸು. ಅವನದೇ ಹೆಸರಿನಲ್ಲಿ ಕಳಿಸು. ಗೆದ್ದ ಕಪ್ ಇಟ್ಟುಕೋ, ಚಪ್ಪಾಳೆ ಇಟ್ಟುಕೋ, ಗಿರಾಕಿಗಳನ್ನೂ ಇಟ್ಟುಕೋ. ನಿನ್ನ ಆಟಗಾರರ ಗುಂಪಿನಲ್ಲಿ, ಇದನ್ನು ಹಿಡಿದದ್ದು ನಮ್ಮಮ್ಮ ಎಂದು ಒಂದು ಸಾಲು ಬರೆ. ಅದಾಗುವವರೆಗೆ ಫೋನ್ ಮಾಡಬೇಡ, ಮನೆಗೂ ಬರಬೇಡ. ಬಂದರೆ ನಗಿಸುತ್ತೀಯ, ಈಗ ನಗುವುದು ನನಗೆ ಇಷ್ಟವಿಲ್ಲ.

ಇಂತು,
ಹೊರಗಿನವಳಲ್ಲದವಳು ಎಂದು ಈವರೆಗೆ ತಿಳಿದಿದ್ದ
ನಿನ್ನ ಅಕ್ಕ

ಮರೆತ ಮಾತು: ಆ ಸಗಣಿಹುಳವನ್ನು ಈಗಷ್ಟೇ ನಿನಗೆ ಕಳಿಸಿದೆ. ಈ ಸಲ ‘ಎರವಲು’ ಎಂದೇ ಒತ್ತಿದ್ದೇನೆ. ಅವಧಿ ಮುಗಿದ ಕೂಡಲೇ, ನೀನು ಬೇಡವೆಂದರೂ ಅದು ತಾನಾಗಿ ನನ್ನ ಹತ್ತಿರ ಬರುತ್ತದೆ. ಬರುವಾಗ ಜೊತೆಗೆ ಮೊಂಡನೂ ಬರಬಹುದು, ಅದು ನಿನಗೆ ಬಿಟ್ಟದ್ದು. ಅಲ್ಲಿಯವರೆಗೆ ಅದನ್ನು ಉಪವಾಸ ಕೆಡವಬೇಡ. ಅದು ನಮ್ಮ ಮನೆಗೆ ಬಂದ ದಿನವೇ ನಾನು ಹೆಸರಿಟ್ಟಿದ್ದೆ, ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಅಮ್ಮನ ರಾಗದಲ್ಲೇ ಗಟ್ಟಿಯಾಗಿ ಕರೆದು ರೂಢಿ ಮಾಡಿಸಿದ್ದೇನೆ. ಮೊಂಡನ ಹಾಗಲ್ಲ, ಪಿಸುಗುಟ್ಟಿದರೆ ಅದಕ್ಕೆ ಕೇಳಿಸುವುದಿಲ್ಲ. ಪಾರ್ಲರಿನಲ್ಲಿ ಎಷ್ಟೇ ಜನರಿದ್ದರೂ ಗಟ್ಟಿಯಾಗಿ ಕೂಗಬೇಕು: ‘ಚಿನಕುರಳೀ...’ ಎಂದು. ಆ ಹೆಸರು ಹಿಡಿದು ನಿನ್ನನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ನಾನಂತೂ ಸದ್ಯಕ್ಕೆ ಕರೆಯುವುದಿಲ್ಲ.