ನಮ್ದು ಬಂತು

೨೨೩೧ನೆಯ ಇಸವಿ, ಫೆಬ್ರವರಿ ಮೂವತ್ತು

ದೊಡ್ಡವ್ವ ಮಂದಾಕಿನಿಯವರಿಗೆ, ನಿಮ್ಮ ತಂಗಿ ಜಗದೇವಿಯ ವಂಶದ ಕಲ್ಯಾಣಿ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಸುಮ್ಮನೆ ಕೂತಿರುತ್ತವೆ. ನನ್ನ ಮಾತಿನಲ್ಲಿ ಇನ್ನೇನಾದರೂ ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ‘ತುದಿನುಡಿ’ ಎಂಬ ಹಬ್ಬವಿದೆ. ಕನ್ನಡದಲ್ಲಿ ನಮ್ಮ ಬಗ್ಗೆ ನಾವೇ ಹೇಳಿಕೊಂಡರೆ ಗಂಡು ಹೆಣ್ಣೆಂಬುದಿಲ್ಲ, ಯಾರಾದರೂ ‘ಬಂದೆ’ ಎಂದೇ ಹೇಳುವುದು. ಬೇರೆಯವರು ನಮ್ಮ ಬಗ್ಗೆ ಆಡುವಾಗಲೇ ಮಾತಿನ ತುದಿ ಕವಲೊಡೆಯುತ್ತದೆ: ಬಂದನೋ, ಬಂದಳೋ, ಬಂದರೋ. ಹದಿನಾರು ತುಂಬಿದ ದಿನ ಪ್ರತಿಯೊಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ತಮಗೆ ಯಾವ ತುದಿ ಬೇಕೆಂದು ಹೇಳುತ್ತಾರೆ. ಅಜ್ಜಿ ಅದನ್ನು ಹಚ್ಚಿ ಒಂದು ಮಾತಾಡಿ, ಬಾಯಿಗೆ ಹೋಳಿಗೆ ಇಡುತ್ತಾರೆ. ಮುಂದೆ ಬದಲಿಸಬೇಕೆನಿಸಿದರೆ ಬದಲಿಸಬಹುದು, ಇನ್ನೊಂದು ಹೋಳಿಗೆ ಸಿಗುತ್ತದೆ. ಆದರೆ ಯಾರನ್ನೂ ‘ಅದು’, ‘ಬಂತು’ ಎನ್ನುವಂತಿಲ್ಲ. ನಿಮ್ಮಂಥವರನ್ನು ಬೀದಿಯಲ್ಲಿ ಹಾಗೆ ಹಂಗಿಸುತ್ತಿದ್ದರೆಂದು ತಿಳಿದು ನಮ್ಮ ಹಿರಿಯರು ಕಾನೂನೇ ಮಾಡಿದರು.

ನಿಮ್ಮ ಕಥೆ ನಮ್ಮ ಮನೆಯಲ್ಲಿ ಉಳಿದುಬಂದಿದೆ. ಮಗನಾಗಿ ಆಳಂದದ ಮನೆ ಬಿಟ್ಟವರು ಎಂಟು ವರ್ಷ ಮೈಸೂರಿನಲ್ಲಿದ್ದು, ಸೀರೆಯುಟ್ಟು, ಮಂದಾಕಿನಿಯಾಗಿ ಒಂದು ಮಧ್ಯಾಹ್ನ ಮರಳಿದಿರಿ. ತಾಯಿ ಭೀಮಬಾಯಿ ನಿಮ್ಮನ್ನು ನೋಡಿ, ಪಕ್ಕದ ಮನೆಯವರಿಗೆ ಕೂಗಿ ಹೇಳಿದರು: “ನೋಡ್ರೀ, ನಮ್ದು ಬಂತು!” ನೀವು ಹನಿ ನೀರೂ ಕುಡಿಯದೆ, ಬಂದ ಬಸ್ಸಿಗೇ ಹತ್ತಿ ಹೋದಿರಿ. ಮತ್ತೆ ಬರಲಿಲ್ಲ. ಹೆತ್ತವಳೇ ‘ಅದು’ ಅಂದಮೇಲೆ ಇನ್ನೇನು ಎಂದು ನಾವೂ ತಲೆಮಾರುಗಟ್ಟಲೆ ಆ ತಾಯಿಯನ್ನು ಬೈದೆವು.

ನಾನು ಕೆಲಸ ಮಾಡುವುದು ದನಿಗಾವಲಿನಲ್ಲಿ. ಹಳೆಯ ಫೋನುಗಳಲ್ಲಿ ಉಳಿದ ದನಿಗಳನ್ನು ಕಾಯುವ ಕಚೇರಿ ಅದು. ‘ಅದು’ ಎಂದು ಹಂಗಿಸಿದ ದನಿಗಳಿಗೆ ಮುದ್ರೆಯೊತ್ತಿ ಮುಚ್ಚಬೇಕು. ನೀವು ಬಸ್ಸು ಹತ್ತಿ ಹೋದ ದಿನವೇ ನಿಮ್ಮ ತಾಯಿ ನಿಮ್ಮ ಫೋನಿಗೆ ಕಳಿಸಿದ್ದ ದನಿ ಹನ್ನೊಂದು ವರ್ಷದ ಹಿಂದೆ ನನ್ನ ಮೇಜಿಗೆ ಬಂತು. ಮೊದಲ ಮಾತಿನಲ್ಲೇ ‘ಬಂತು’ ಇತ್ತು. ಮುಂದೆ ಕೇಳದೆ ಮುದ್ರೆಯೊತ್ತಿದೆ. ನನ್ನ ಕೈಗಿಷ್ಟು ಬೆಂಕಿ ಬೀಳಲಿ.

ಹೋದ ವಾರ ಮುದ್ರೆ ಒಡೆದು ಅದನ್ನು ಪೂರ್ತಿ ಕೇಳಿದೆ. ಎರಡೇ ನಿಮಿಷದ್ದು.

“ಬಂತು ಅಂದದ್ದಕ್ಕ ಸಿಟ್ಟಾದಿ ಏನವ್ವಾ? ಜಗದೇವಿ ಕಾಲೇಜಿಗಿ ಹೋಗ್ಯಾದ, ಸಂಜಿಗಿ ಬರ್ತದ ಅಂತ ಅಂತೀನಲ್ಲ, ಹಂಗೇ ನಿನಗೂ ಅಂದೆ. ಮೊದಲು ಬಂದ ಅಂತಿದ್ದೆ. ಈಗ ಮಗಳಾಗಿ ಬಂದೀಯಲ್ಲ, ಬಂದ ಅಂತ ಹ್ಯಾಂಗ ಅನ್ಲಿ? ನನಗ ಎರಡೂ ಹೆಣ್ಣುಮಕ್ಕಳು ಈಗ. ಬ್ಯಾರೆ ಏನರ ಅನ್ನಬೇಕಾದ್ರ ಹೇಳು, ಹಂಗೇ ಅಂತೀನಿ. ರೊಟ್ಟಿ ಬಡದು ಇಟ್ಟೀನಿ, ತಿರುಗಿ ಬಾ.”

ದೊಡ್ಡವ್ವ, ನಿಮ್ಮ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ಹಾಗೆಯೇ ಅನ್ನುತ್ತಿದ್ದರಂತೆ. ನಿಮಗೆ ಗೊತ್ತಿರಲಿಲ್ಲವೆಂದಲ್ಲ. ಎಂಟು ವರ್ಷ ಬೀದಿಯಲ್ಲಿ ಅದೇ ಮಾತಿನ ಪೆಟ್ಟು ತಿಂದ ಕಿವಿಗೆ ಅದು ಪೆಟ್ಟಾಗಿಯೇ ಕೇಳಿರಬೇಕು. ನಿಮ್ಮದು ತಪ್ಪಲ್ಲ. ಅವರದೂ ಅಲ್ಲ. ಎಲ್ಲವನ್ನೂ ಬಲ್ಲೆವೆಂದು ಕಾನೂನು ಬರೆದ ನಾವು ಮಾತ್ರ ಒಬ್ಬ ತಾಯಿಯ ಬಾಯಿಗೆ ಬೀಗ ಹಾಕಿದೆವು. ಏನನ್ನಬೇಕು ಹೇಳು ಎಂದು ಆಕೆ ಅಂದೇ ಕೇಳಿದ್ದರು. ಅದನ್ನು ಹಬ್ಬ ಮಾಡಲು ನಮಗೆ ಇನ್ನೂರು ವರ್ಷ ಹಿಡಿಯಿತು.

ನೀವು ಆ ದನಿಯನ್ನು ತೆರೆಯಲೇ ಇಲ್ಲ; ಅದರ ಪಕ್ಕದಲ್ಲಿ ನಿಮ್ಮ ಫೋನು ಹಾಕಿದ ‘ಕೇಳಿಲ್ಲ’ ಎಂಬ ಗುರುತು ಇಂದಿಗೂ ಇದೆ. ನೋಡಿದಾಗಲೆಲ್ಲ ಅಳು ಬರುತ್ತದೆ.

ಈ ಕಾಗದ ಹಿಂದಕ್ಕೆ ಹೋಗಿ ನಿಮ್ಮ ಕೈ ಸೇರುವುದೋ ಇಲ್ಲವೋ ಕಾಣೆ. ಸೇರಿದರೆ, ಬಸ್ಸು ಇನ್ನೂ ಊರ ಗಡಿ ದಾಟಿರದಿದ್ದರೆ, ಫೋನು ತೆಗೆದು ಅವ್ವನ ದನಿ ಕೇಳಿ. ಆಮೇಲೆ ಇಳಿದುಬಿಡಿ. ರೊಟ್ಟಿ ಇನ್ನೂ ಬಿಸಿ ಇರುತ್ತದೆ.