ನಿನ್ನ ಭಾವನ ಬಿಸಿ ಟವೆಲು

ಮನೆ, ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಮತ್ತೆ ಬೆವರುಸಾಲೆ ಎದ್ದಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಕ್ಷೇಮ, ಈ ಸಲ ಇದು ಬರೀ ಬಾಯಿಮಾತಲ್ಲ.

ನನ್ನ ಹೃದಯ ಮೊದಲೇ ದುರ್ಬಲವೆಂದು ಕ್ಯಾನ್ಸರ್ ಡಾಕ್ಟರಿಗೆ ಹೇಳಲೇಬೇಕೆಂದು ನೀನು ಹಟ ಹಿಡಿದೆಯಲ್ಲ, ಅದರಿಂದಲೇ ಅವರು ಬೇರೆ ದಾರಿ ಹುಡುಕಿದರು. ಈಗ ಕೊಡುತ್ತಿರುವುದೂ ಮೊದಲು ಕೊಡಬೇಕೆಂದಿದ್ದ, ಹೃದಯಕ್ಕೆ ಪೆಟ್ಟು ಕೊಡುವ ಅದೇ ಕೆಂಪು ಮದ್ದು, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ್ದು. ಲೈಪೋಸೋಮ್ ಎನ್ನುತ್ತಾರೆ. ಅದು ಹೃದಯದ ತಂಟೆಗೆ ಅಷ್ಟಾಗಿ ಹೋಗದೆ ಗಡ್ಡೆಯೊಳಕ್ಕೆ ನುಸುಳಿ ಅಲ್ಲಿ ಬಿಚ್ಚಿಕೊಳ್ಳುತ್ತದಂತೆ. ನನಗೆ ಕೊಬ್ಬು ಜಾಸ್ತಿ ಎಂದು ಅಮ್ಮ ಬೈಯುತ್ತಿದ್ದಳು, ಈಗ ನೋಡಬೇಕಿತ್ತು!

ಇನ್ನು ನಿನ್ನ ಭಾವನ ಕಥೆ. ಕ್ಷೌರದ ಕೈ ಸುಮ್ಮನಿರುತ್ತದೆಯೇ? ಡ್ರಿಪ್ ಮುಗಿಸಿ ಬಂದಾಗಲೆಲ್ಲ, ಅಂಗಡಿಯಲ್ಲಿ ಗಿರಾಕಿಗಳ ಗಲ್ಲಕ್ಕೆ ಇಡುವಂತೆ ಬಿಸಿ ಟವೆಲು ಹಿಂಡಿ ನನ್ನ ಪಾದಕ್ಕೆ ಸುತ್ತಿ, ಎಣ್ಣೆ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ನನಗೂ ಹಾಯೆನಿಸುತ್ತಿತ್ತು. ಎರಡನೆಯ ಡ್ರಿಪ್ ಆದ ಮೇಲೆ ಪಾದ ಕೆಂಡದಂತಾಗಿ ಬೊಕ್ಕೆ ಎದ್ದವು. ಶಾಖ, ತಿಕ್ಕಾಟ ಸಿಕ್ಕಲ್ಲಿ ಈ ಮದ್ದು ಚರ್ಮಕ್ಕೂ ಸೋರುತ್ತದೆ. ಬಿಸಿ, ತಿಕ್ಕಾಟ ಬೇಡವೆಂದು ನರ್ಸ್ ಹೇಳಿಯೇ ಕಳಿಸಿದ್ದರು. ಆಗ ನಾನು ಮಂಪರಿನಲ್ಲಿದ್ದೆ, ಇವರು ಆಟೋ ಹುಡುಕಲು ಹೋಗಿದ್ದರು. ಡಾಕ್ಟರು ಮೂರನೆಯ ಡೋಸ್ ಮುಂದೂಡಿ, ಪಾದ ಮಾಯದಿದ್ದರೆ ಈ ಮದ್ದನ್ನೇ ನಿಲ್ಲಿಸಬೇಕಾಗುತ್ತದೆ ಎಂದರು. "ನನ್ನ ಕೈಯಾರೆ ನಾನೇ ಕೆಡಿಸಿಬಿಟ್ನಲ್ಲೇ" ಎಂದು ಇವರು ಬಿಕ್ಕಿಬಿಕ್ಕಿ ಅತ್ತರು. ನನಗೆ ಹೆದರಿಕೆಗಿಂತ ಕನಿಕರವೇ ಹೆಚ್ಚಾಯಿತು.

ಆಮೇಲೆ ಪಾತ್ರೆ, ಬಟ್ಟೆ, ಅಡುಗೆ ಎಲ್ಲ ಅವರದೇ. ಆ ಅಡುಗೆ ಉಣ್ಣುವುದೂ ಒಂದು ತಪಸ್ಸು ಬಿಡು. ಅಂತೂ ಪಾದ ಮಾಯಿತು. ನಿನ್ನೆ ಮೂರನೆಯ ಡೋಸ್ ಹನಿಹನಿಯಾಗಿ ಏರಿತು. ಹೃದಯದ ಸ್ಕ್ಯಾನ್ ಚೆನ್ನಾಗಿದೆ, ಗಡ್ಡೆ ಕುಗ್ಗಿದೆ. ಆ ಗುಳ್ಳೆ ಕಂಡುಹಿಡಿದವರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ. ನಿನ್ನದೂ.

ನೂರು ಕಾಲ ಬಾಳು.

ನಿನ್ನ ಜಗಳಗಂಟಿ ಅಕ್ಕ

ತಾ.ಕ.: ಅವರು ಅಂಗಡಿಯಿಂದ ಬರುವ ಮೊದಲು ಗೀಚುತ್ತಿದ್ದೇನೆ. ಬೊಕ್ಕೆ ಎದ್ದಂದಿನಿಂದ ನಿನ್ನ ಭಾವ ನನ್ನನ್ನು ಮುಟ್ಟೇ ಇಲ್ಲ. ನೀರಿನ ಲೋಟವನ್ನೂ ಮೇಜಿನ ಮೇಲಿಟ್ಟು ದೂರ ಸರಿಯುತ್ತಾರೆ. ತಿಕ್ಕಬಾರದು ಅಷ್ಟೇ, ಮೆಲ್ಲಗೆ ಕೈ ಹಿಡಿದುಕೊಂಡರೆ ಏನೂ ಆಗದು ಎಂದು ನರ್ಸ್ ಹೇಳಿದ್ದಾರೆ. ನಾನು ಹೇಳಿದರೆ "ನನ್ನ ಸಮಾಧಾನಕ್ಕೆ ಹೇಳ್ತೀಯ" ಅಂತಾರೆ. ನಿನ್ನ ಮಾತೆಂದರೆ ಅವರಿಗೆ ವೇದವಾಕ್ಯ. ಬೇಗ ಅವರಿಗೊಂದು ಕಾಗದ ಬರೆ. ಮುಂದಿನ ಸಲ ಸೂಜಿ ಚುಚ್ಚುವಾಗ ನನಗೆ ಆ ಕೈ ಬೇಕು.