ಪರೀಕ್ಷೆ ಬಿಟ್ಟುಹೋದ ಮಕ್ಕಳ ಬಗ್ಗೆ ದವಡೆ ಡಾಕ್ಟರರಿಗೆ

ಗಜೇಂದ್ರಗಡ
ಫೆಬ್ರವರಿ ೩೦, ೨೧೭೪

ಮಕ್ಕಳ ದವಡೆ ಪರೀಕ್ಷೆ ನಡೆಸಿದ ಡಾಕ್ಟರರೆಲ್ಲರಿಗೂ ದ್ಯಾಮವ್ವ ಹೊಸಮನಿ ಬರೆಯುವುದು.

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಆದರೆ ಹಿಂದಂಚೆಯವರು ಕೈಯಲ್ಲಿ ಬರೆದದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ, ಈ ಮನೆಯಲ್ಲಿ ಪೆನ್ಸಿಲ್ ಹಿಡಿಯಲು ಬರುವುದು ನನಗೊಬ್ಬಳಿಗೇ. ಉಳಿದವರೆಲ್ಲ ಗೋಡೆಗೆ ಮಾತು ಹೇಳಿ ಬರೆಸಿಕೊಂಡು ಬೆಳೆದವರು. ಬೆಳಿಗ್ಗೆಯಿಂದ ನನ್ನನ್ನು ಇಲ್ಲಿ ಕೂರಿಸಿದ್ದಾರೆ, ಒಂದು ಕಪ್ ಚಹಾ ಕೊಡುವವರಿಲ್ಲ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗಿ ಉತ್ತರ ತರುವ ಅಂಚೆ. ಮನೆಗೊಂದೇ ಕಾಗದ, ಅದೂ ಒಂದೇ ಸಲ. ಕೆಲವರು ಸತ್ತ ಮುತ್ತಜ್ಜನ ಕ್ಷೇಮ ಕೇಳುತ್ತಾರೆ, ಕೆಲವರು ಹೊಲದ ಬದು ಎಲ್ಲಿತ್ತು ಎಂದು ಕೇಳುತ್ತಾರೆ. ನಾವು ಅದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇವೆ. ತಿಳಿಯದ ಶಬ್ದ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಬಿಡಿಸಿ ಹೇಳುತ್ತೇನೆ. ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ, ನಮಗೂ ಯಾರೂ ಹೇಳಿಲ್ಲ.

ಮಕ್ಕಳ ಕೆಳದವಡೆಗೆ ತಂತಿಯ ಕಟ್ಟು ಹಾಕಿ, ಹಲ್ಲಿನ ಸಾಲು ನೆಟ್ಟಗಾಗುತ್ತದೋ ಇಲ್ಲವೋ ಎಂದು ನೀವು ನೋಡಿದಿರಲ್ಲ, ಅದು ಈಗ ಕಾನೂನಾಗಿದೆ. ಅದಕ್ಕೆ ದವಡೆಗಟ್ಟು ಎನ್ನುತ್ತೇವೆ. ಏಳು ತುಂಬಿದ ಪ್ರತಿ ಮಗುವಿಗೂ ಸಾಲಿಯಲ್ಲೇ ಹಾಕುತ್ತಾರೆ, ಮೀಸೆ ಮೂಡುವ ವಯಸ್ಸಿಗೆ ಬಿಚ್ಚುತ್ತಾರೆ. ಹಲ್ಲು ಸೊಟ್ಟ ಇರಲಿ, ನೆಟ್ಟಗಿರಲಿ, ಕಟ್ಟು ತಪ್ಪಿದ್ದಲ್ಲ. ನಾನು ಅಷ್ಟರೊಳಗೆ ಸಾಲಿ ಬಿಟ್ಟಿದ್ದರಿಂದ ನನ್ನ ಬಾಯಿ ಒಂದು ಉಳಿಯಿತು. ಊರ ತುಂಬ ಜೋಡಿಸಿಟ್ಟ ಮೆಕ್ಕೆಜೋಳದಂಥ ಹಲ್ಲು, ಅವುಗಳ ನಡುವೆ ನಾನೊಬ್ಬಳೇ ಸೊಟ್ಟ ಹಲ್ಲಿನ ಮುದುಕಿ.

ಚೆಂದಕ್ಕೇನೂ ಕೊರತೆಯಿಲ್ಲ. ಮೂವತ್ತು ದಾಟಿದ ಮೇಲೆ ಬಾಯಿಬೀಗ ಶುರುವಾಗುತ್ತದೆ. ಕಿವಿಯ ಮುಂದಿನ ಕೀಲು ಮೊದಲು ಲಟಕ್ ಎನ್ನುತ್ತದೆ, ಆಮೇಲೆ ನೋಯುತ್ತದೆ, ಒಂದು ದಿನ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲರಿಗೂ ಅಲ್ಲ, ಆದರೆ ಯಾರೂ ಬೆಚ್ಚಿಬೀಳದಷ್ಟು ಜನರಿಗೆ. ನಮ್ಮಲ್ಲಿ ಆಕಳಿಕೆ ಬಂದರೆ ಮುಷ್ಟಿಯಿಂದ ಗದ್ದ ಒತ್ತಿ ಹಿಡಿಯಬೇಕು. ಕೂಸಿಗೆ ನಮಸ್ಕಾರ ಕಲಿಸುವ ಮೊದಲು ಇದನ್ನು ಕಲಿಸುತ್ತಾರೆ. ಮದುವೆ ಊಟದಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಡಿಸುತ್ತಾರೆ, ನೆನೆರೊಟ್ಟಿ ಎಂದು ಅದಕ್ಕೊಂದು ಹೆಸರು ಬೇರೆ. ಸೋಬಾನೆ ಹಾಡುವವರು ಒಂದು ಕೈಯಲ್ಲಿ ಗದ್ದ ಹಿಡಿದೇ ಹಾಡುತ್ತಾರೆ. ಈಗಿನ ಹುಡುಗಿಯರು ಅದನ್ನೇ ಒಂದು ವೈಯಾರ ಎಂದುಕೊಂಡಿದ್ದಾರೆ. ನೋಡಿದರೆ ನನಗೆ ಮೈ ಉರಿಯುತ್ತದೆ. ಕಡಕ್ ರೊಟ್ಟಿ ಮುರಿದು ತಿನ್ನುವವಳು ಓಣಿಗೆ ನಾನೊಬ್ಬಳೇ. ಆ ಸಪ್ಪಳಕ್ಕೆ ಆಚೆಮನೆಯವರು ಕಿಟಕಿ ಮುಚ್ಚುತ್ತಾರೆ.

ನನ್ನ ಸೊಸೆ ಕಸ್ತೂರಿಗೆ ಹೋದ ವರ್ಷ ಬೀಗ ಬಿತ್ತು. ಒಂದು ಬೆರಳು ಹೋಗುವಷ್ಟು ಬಾಯಿ ತೆರೆಯುತ್ತದೆ. ಆದರೂ ಮಗಳು ಹೊನ್ನಿಗೆ ಕಟ್ಟು ಹಾಕಿಸಬೇಕೆಂದು ಕುಣಿಯುತ್ತಿದ್ದಾಳೆ. ಕಟ್ಟಿಲ್ಲದಿದ್ದರೆ ಸಾಲಿಯಲ್ಲಿ ಮುಂದಕ್ಕೆ ಹಾಕುವುದಿಲ್ಲ. ನಾನು ಬೇಡವೆಂದರೆ, "ಅತ್ತಿ, ನಿಮ್ಮ ಹಲ್ಲು ಕನ್ನಡ್ಯಾಗ ನೋಡ್ಕೊಂಡು ಮಾತಾಡ್ರಿ. ನನ್ನ ಮಗಳು ಹಂಗ ಕಾಣೂದು ಬ್ಯಾಡ" ಎನ್ನುತ್ತಾಳೆ. "ನನ್ನ ಹಲ್ಲು ಸೊಟ್ಟ ಅದಾವು, ಖರೆ. ನಿನ್ನ ಬಾಯಾಗ ಚಮಚಾ ಹೋಗ್ಲಿ ನೋಡೂಣು" ಎಂದೆ. ಎರಡು ದಿನ ಮಾತು ಬಿಟ್ಟಳು. ಹೊನ್ನಿ ಇಬ್ಬರ ನಡುವೆ ನಿಂತು, "ಆಯಿ, ಕಟ್ಟು ಹಾಕಿದ್ರ ಪ್ಯಾರಲಹಣ್ಣು ಕಚ್ಚಾಕ ಬರತೈತೇನ?" ಎಂದು ನನ್ನನ್ನು ಕೇಳಿತು. ನಾನು ಒಂದು ಪ್ಯಾರಲಹಣ್ಣು, ನೀವು ಸೀಬೆ ಎನ್ನುವುದು, ತಂದು ಅದರ ಕೈಗಿಟ್ಟೆ.

ಕೊನೆಗೆ ದವಡೆ ಆಸ್ಪತ್ರೆಯ ಡಾಕ್ಟರ್ ಪರ್ವೀನ್ ಹತ್ತಿರ ಹೋದೆವು. ಒಳ್ಳೆಯ ಹೆಣ್ಣುಮಗಳು, ಸುಳ್ಳು ಹೇಳುವುದಿಲ್ಲ. "ಕಟ್ಟಿನಿಂದನ ಬೀಗ ಬೀಳತೈತಿ ಅಂತ ಹೆಂಗ ಹೇಳೂದು, ಅಮ್ಮಾರ? ಈಗ ಎಲ್ಲಾರಿಗೂ ಕಟ್ಟು ಐತಿ. ಕಟ್ಟಿಲ್ಲದವ್ರು ಊರಿಗೆ ನೀವೊಬ್ಬರ. ಒಬ್ಬರ್ನ ನೋಡಿ ಲೆಕ್ಕಾ ಹಾಕಾಕ ಬರೂದಿಲ್ಲ" ಎಂದಳು. ಎಲ್ಲಕ್ಕೂ ಆಧಾರ ನಿಮ್ಮ ಪರೀಕ್ಷೆಯೇ ಅಂತೆ. ಅದರಲ್ಲಿ ಕಟ್ಟು ಹಾಕಿಸಿಕೊಂಡ ಮಕ್ಕಳಲ್ಲಿ ಒಬ್ಬರಿಗೂ ಕೀಲಿನ ತೊಂದರೆ ಕಂಡಿಲ್ಲ ಎಂದು ಓದಿ ಹೇಳಿದಳು. ಕಸ್ತೂರಿ ಗೆದ್ದವಳ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ್ ಇನ್ನೊಂದು ಸಾಲು ಓದಿದಳು. ಕಟ್ಟು ಹಾಕಿಸಿಕೊಂಡವರಲ್ಲಿ ನಾಲ್ಕರಲ್ಲಿ ಒಂದು ಪಾಲು ಮಕ್ಕಳು ಮಧ್ಯದಲ್ಲೇ ಬರುವುದು ಬಿಟ್ಟರಂತೆ. ಅವರು ಸಂಪರ್ಕಕ್ಕೆ ಸಿಗಲಿಲ್ಲ, ಆದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

"ಯಾಕ ಬಿಟ್ರಂತ?" ಎಂದೆ.

"ಅದನ್ನ ಇದರಾಗ ಬರದಿಲ್ಲ" ಎಂದಳು.

ಇದನ್ನು ಕೇಳಲಿಕ್ಕೇ ಈ ಕಾಗದ. ಸಿಗಲಿಲ್ಲ ಎಂದರೆ ಏನರ್ಥ, ಸ್ವಾಮಿ? ಅವರೇನು ದೇಶಾಂತರ ಹೋಗಿದ್ದರೇ? ಫೋನು ಮಾಡಿದಿರಿ, ಎತ್ತಲಿಲ್ಲ, ಹೆಸರಿನ ಮೇಲೆ ಗೀಟು ಹೊಡೆದಿರಿ, ಅಷ್ಟೇ ತಾನೇ? ನನ್ನ ಎಮ್ಮೆ ಸಂಜೆ ಮನೆಗೆ ಬರದಿದ್ದರೆ ನಾನು ಎಮ್ಮೆಯೇ ಇರಲಿಲ್ಲ ಎಂದು ಬರೆದಿಡುವುದಿಲ್ಲ, ಕೋಲು ಹಿಡಿದು ಹುಡುಕಲು ಹೋಗುತ್ತೇನೆ. ಕೀಲು ನೋಯುತ್ತದೆ ಎಂದು ಅತ್ತು ಮನೆಯಲ್ಲೇ ಕೂತ ಮಕ್ಕಳೇ ಅವರಾಗಿದ್ದರೆ? ತಾಯಂದಿರು ಸಿಟ್ಟಿನಿಂದ ಕಟ್ಟು ಕಿತ್ತು ಬಿಸಾಡಿದ್ದರೆ? ಸುಖವಾಗಿದ್ದವರನ್ನಷ್ಟೇ ಎಣಿಸಿ ಎಲ್ಲರೂ ಸುಖ ಎಂದು ಬರೆದಂತಾಯಿತು. ಅದನ್ನು ನಂಬಿ ನಾವು ಒಂದೂವರೆ ನೂರು ವರ್ಷದಿಂದ ಗದ್ದ ಹಿಡಿದುಕೊಂಡು ಆಕಳಿಸುತ್ತಿದ್ದೇವೆ.

ಹಾಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಆಸ್ಪತ್ರೆಗೆ ಬರುವ ಬಸ್ಸು ನಿಂತುಹೋಗಿ ಬಿಟ್ಟಿರಬಹುದು, ಅಪ್ಪನಿಗೆ ವರ್ಗವಾಗಿ ಬಿಟ್ಟಿರಬಹುದು. ಹಾಗಿದ್ದರೆ ಹಾಗೆಂದೇ ಬರೆಯಿರಿ. ನಾನೇ ಹೊನ್ನಿಯ ಕೈ ಹಿಡಿದು ಕರೆದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂರಿಸುತ್ತೇನೆ, ಸೊಸೆಯ ಮುಂದೆ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ನೋವಿಗೇ ಬಿಟ್ಟಿದ್ದರೆ, ಕಟ್ಟು ತಡೆಯುವ ಕಾಗದಕ್ಕೆ ತಾನೇ ಸಹಿ ಹಾಕುವುದಾಗಿ ಡಾಕ್ಟರ್ ಪರ್ವೀನ್ ಹೇಳಿದ್ದಾಳೆ, ಹೊನ್ನಿಗೂ, ಈ ವರ್ಷ ಏಳು ತುಂಬಿದ ಎಲ್ಲ ಮಕ್ಕಳಿಗೂ. ಕಸ್ತೂರಿಯೂ ಕಡೆಗೆ ಸರಿ ಎಂದಳು. "ಆ ಮಕ್ಕಳ ಬಾಯಿಂದ ಬರ್ಲಿ, ನಾ ಕೇಳತೀನಿ" ಎಂದಳು. ಹಾಗೆ ಹೇಳುವಾಗಲೂ ಅವಳ ಕೈ ಗದ್ದದ ಮೇಲಿತ್ತು.

ನೀವು ಪರೀಕ್ಷೆ ಮುಗಿಸಿ ಈಗಷ್ಟೇ ವರದಿ ಬರೆಯಲು ಕೂತಿದ್ದೀರಿ ಎಂದು ಹಿಂದಂಚೆಯವರು ಹೇಳಿದ್ದಾರೆ. ಆ ಮಕ್ಕಳು ನಿಮ್ಮ ಊರುಗಳಲ್ಲೇ ಇದ್ದಾರೆ, ವಿಳಾಸ ನಿಮ್ಮ ಕಪಾಟಿನಲ್ಲೇ ಇದೆ. ನಮಗೆ ಅವರ ಗೋರಿಯೂ ಸಿಗುವುದಿಲ್ಲ. ಕುರ್ಚಿ ಬಿಟ್ಟು ಏಳಿ. ಮನೆಮನೆಗೆ ಹೋಗಿ. ಬಾಯಿ ತೆರೆಯಲು ಹೇಳಿ, ಕಿವಿಯ ಮುಂದೆ ಬೆರಳಿಟ್ಟು ನೋಡಿ, ಯಾಕೆ ಬಿಟ್ಟೆ ಎಂದು ಮಗುವನ್ನೇ ಕೇಳಿ. ಅದು ಹೇಳಿದ್ದನ್ನು ನಿಮ್ಮ ಭಾಷೆಗೆ ತಿರುಗಿಸದೆ ಹಾಗೇ ಬರೆದು ಇದೇ ಲಕೋಟೆಯಲ್ಲಿ ಹಾಕಿ. ಮೊದಲು ನಮಸ್ಕಾರ, ಕ್ಷಮಾಪಣೆ ಎಂದು ಒಂದು ಪುಟ ತುಂಬಿಸಬೇಡಿ, ಓದಲು ನನಗೆ ವ್ಯವಧಾನವಿಲ್ಲ.

ಹೊನ್ನಿಗೆ ಕಟ್ಟು ಹಾಕುವುದು ಮಾರ್ಚ್ ಹನ್ನೆರಡಕ್ಕೆ. ನಿಮ್ಮ ಉತ್ತರ ಮಾರ್ಚ್ ಹತ್ತರೊಳಗೆ ನನ್ನ ಕೈಯಲ್ಲಿರಬೇಕು.

ದ್ಯಾಮವ್ವ ಹೊಸಮನಿ